ವಾರಾನ್ನದ ಸರ್ವರ್

ಬಿಟ್ಟಿ ಎಂಬ ಮಾತು ಕೇಳಿದರೆ ನನಗೆ ಮೈಯೆಲ್ಲ ಉರಿಯುತ್ತದೆ. ಚಾಮರಾಜಪೇಟೆಯ ನಮ್ಮ ರಕ್ತನಿಧಿಯ ಟ್ರಸ್ಟ್ ಸಭೆಯಲ್ಲಿ ಕಾರ್ಯದರ್ಶಿ ವಸಿಷ್ಠ ಅದನ್ನು ಬಾಯಿತುಂಬ ಹೇಳಿದ.

“ಬಿಟ್ಟಿ ಆಪರೇಟಿಂಗ್ ಸಿಸ್ಟಮ್ ಮೇಲೆ ರಕ್ತನಿಧಿ ನಡೆಸ್ತಿದೀವಿ, ನಾಚಿಕೆ ಆಗ್ಬೇಕು. ಹಬ್ಬದ ದಿನಾನೇ ಕೈಕೊಡ್ತು ನೋಡಿ! ಒಳ್ಳೆ ಕಂಪನಿದು ತಗೊಳ್ಳೋಣ.”

ಕೈಕೊಟ್ಟಿದ್ದು ಸಿಸ್ಟಮ್ ಅಲ್ಲ, ಈ ಮಹಾರಾಯ. ಆಯುಧಪೂಜೆಯ ದಿನ ಸರ್ವರ್‌ಗೆ ಅರಿಶಿನ ಕುಂಕುಮ ಹಚ್ಚಿ, ಹಾರ ಹಾಕಿ, ಅದು ಸಾಲದೆಂದು ಸೀರಿಯಲ್ ಸೆಟ್ ದೀಪ ಹಚ್ಚಲು ಅದೇ ಸರ್ವರ್‌ನ ಪ್ಲಗ್ ಕಿತ್ತಿದ್ದ. ದೀಪಗಳು ಮಿಣಮಿಣ ಎನ್ನುತ್ತಿದ್ದವು. ಯಾವ ಗುಂಪಿನ ರಕ್ತ ಎಷ್ಟಿದೆಯೆಂದು ಹೇಳುವ ಯಂತ್ರ ಸತ್ತುಬಿದ್ದಿತ್ತು. ಆಸ್ಪತ್ರೆಗಳಿಂದ ಫೋನ್ ಮೇಲೆ ಫೋನ್. ನಾನು ತ್ಯಾಗರಾಜನಗರದ ಮನೆಯಿಂದ ಓಡಿಬರುವ ತನಕ ರಕ್ತನಿಧಿಯ ಹುಡುಗಿಯರು ಫ್ರಿಜ್ ತೆರೆದು ಒಂದೊಂದೇ ಚೀಲದ ಚೀಟಿ ಓದಿ ಉತ್ತರ ಹೇಳಿದ್ದರು. ಈಗ ತಪ್ಪೆಲ್ಲ ಆ ಆಪರೇಟಿಂಗ್ ಸಿಸ್ಟಮ್, ಅಂದರೆ ಲಿನಕ್ಸ್‌ನ ತಲೆಗೆ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ.

ಆ ಲಿನಕ್ಸ್ ಹಾಕಿದವಳು ನಾನು. ಅದನ್ನು ನಡೆಸುವ ಕೋಡ್ ಎಲ್ಲ ಬಯಲು. ಯಾರು ಬೇಕಾದರೂ ಓದಬಹುದು, ತಿದ್ದಬಹುದು. ಲೋಕದ ಎಲ್ಲೆಲ್ಲಿಯದೋ ಜನ ತಿದ್ದುತ್ತಲೇ ಇದ್ದಾರೆ. ಅದನ್ನು ಕಿತ್ತೆಸೆದರೆ ನನ್ನ ಇಷ್ಟು ವರ್ಷದ ದುಡಿಮೆಯೂ ಅದರ ಜೊತೆಗೇ ಕಸಕ್ಕೆ.

ಅಧ್ಯಕ್ಷರಾದ ವೆಂಕಟಾಚಲ ಮೇಷ್ಟ್ರು ಕನ್ನಡಕ ತೆಗೆದು ನನ್ನ ಕಡೆ ತಿರುಗಿದರು. “ಆರಾಧನಾ, ಕಂಪನಿ ಅಂದ್ರೆ ಕೊರಳಪಟ್ಟಿ ಹಿಡಿದು ಕೇಳ್ಬಹುದು. ಇದಕ್ಕೆ ಯಾರನ್ನ ಕೇಳೋದಮ್ಮ?”

ನನಗೆ ತಡೆಯಲಾಗಲಿಲ್ಲ. ಮೇಷ್ಟ್ರು ವಾರಾನ್ನ ಉಂಡು ಓದಿದವರು, ದಿನಕ್ಕೊಂದು ಮನೆಯಲ್ಲಿ ಊಟ. ಪ್ರತಿ ವಾರ್ಷಿಕೋತ್ಸವದಲ್ಲೂ ಆ ಮನೆಗಳ ಹೆಸರು ಹೇಳಿ ಕಣ್ಣೊರೆಸಿಕೊಳ್ಳುತ್ತಾರೆ.

“ವಾರಾನ್ನ ಹಾಕ್ದೋರಲ್ಲಿ ಯಾರ ಕೊರಳಪಟ್ಟಿ ಹಿಡಿದಿದ್ರಿ ಸರ್? ಅದನ್ನೂ ಬಿಟ್ಟಿ ಊಟ ಅಂತೀರಾ?”

“ಮೇಡಂ, ಯಾರ ಹತ್ರ ಮಾತಾಡ್ತಿದೀರಿ ಗೊತ್ತಾ?” ಎಂದು ವಸಿಷ್ಠ ಎದ್ದೇಬಿಟ್ಟ.

ಮೇಷ್ಟ್ರು ಕೈಸನ್ನೆ ಮಾಡಿ ಅವನನ್ನು ಕೂರಿಸಿದರು. “ಗುರುವಾರದ ಮನೆಗೆ ಒಂದ್ಸಲ ಬೀಗ ಹಾಕಿತ್ತು. ಊರಿಗೆ ಹೋಗಿದ್ರು. ನನಗೆ ಹೇಳಿ ಹೋಗ್ಬೇಕು ಅಂತೇನಿರ್ಲಿಲ್ಲ, ಯಾಕೆ ಅಂತ ಕೇಳೋ ಹಕ್ಕು ನನಗೂ ಇರ್ಲಿಲ್ಲ. ಅವತ್ತು ಪರೀಕ್ಷೆ. ಹಸಿದುಕೊಂಡೇ ಬರೆದೆ. ನನಗೆ ಆ ಬೀಗದ ಭಯ ಕಣಮ್ಮ.”

ಅಯ್ಯೋ ಎನಿಸಿತು. ಆದರೂ ಸಿಟ್ಟು ಇಳಿಯಲಿಲ್ಲ.

“ಬೀಗ ಹಾಕೋದು ಇವರು ತರೋ ಕಂಪನಿ ಸರ್. ಲೈಸೆನ್ಸ್ ಮುಗೀತು ಅಂದ್ರೆ ನಮ್ಮ ಫ್ರಿಜ್ಜಲ್ಲಿ ಏನಿದೆ ಅಂತ ನಮಗೇ ತೋರ್ಸಲ್ಲ. ಇದ್ರಲ್ಲಿ ಅಡುಗೆಮನೆ ನಮ್ದು. ಬಡಿಸೋರು ಬರ್ಲಿಲ್ಲ ಅಂದ್ರೆ ನಾವೇ ಒಲೆ ಹಚ್ಕೋಬಹುದು. ಹಬ್ಬದ ದಿನ ಪ್ಲಗ್ ಕಿತ್ತಿದ್ದು ಯಾರು ಅಂತ ಇವರನ್ನೇ ಕೇಳಿ!”

ವಸಿಷ್ಠ ಮೇಜಿನ ಮೇಲಿನ ನೀರಿನ ಲೋಟ ನೋಡತೊಡಗಿದ. ಮೇಷ್ಟ್ರು ಅವನನ್ನೊಮ್ಮೆ ನೋಡಿದರು. ಕೇಳಬೇಕಾದ ಅಗತ್ಯವೇ ಬೀಳಲಿಲ್ಲ.

“ಸಿಸ್ಟಮ್ ಇರ್ಲಿ,” ಎಂದರು.

ಗೆದ್ದೆ ಎಂದುಕೊಂಡು ಉಸಿರು ಬಿಟ್ಟೆ. ಅವರ ಮಾತು ಮುಗಿದಿರಲಿಲ್ಲ.

“ಒಲೆ ಹಚ್ಚೋಕೆ ಇಲ್ಲಿ ನಿನ್ನ ಬಿಟ್ಟು ಇನ್ಯಾರಿಗೆ ಬರುತ್ತಮ್ಮ?”

“ಯಾರಿಗೂ ಬರಲ್ಲ ಸರ್.”

“ಹಾಗಾದ್ರೆ ಗುರುವಾರದ ಮನೆ ನೀನೇ ಆದೆ. ನೀನು ಊರಿಗೆ ಹೋದ್ರೆ ಇಲ್ಲೂ ಬೀಗ. ನಾಳೆಯಿಂದ ಎಲ್ಲರಿಗೂ ಕಲಿಸು. ಮೊದಲು ವಸಿಷ್ಠನಿಗೆ.”

ವಸಿಷ್ಠನಿಗೆ! ನನ್ನ ಕಿವಿಯ ತನಕ ರಕ್ತವೇರಿತು. ಆಗುವುದಿಲ್ಲ ಎನ್ನಲು ಬಾಯಿ ತೆರೆದೆ. ಬಂದ ಮಾತೇ ಬೇರೆ: “ನಾಳೆ ಬನ್ನಿ. ಮೊದಲ ಪಾಠ, ಯಾವ ಪ್ಲಗ್ ಕೀಳ್ಬಾರ್ದು ಅನ್ನೋದು.”