ಮೃಣಾಲಿನಿಯ ನಾಲ್ಕು ಉಪಾಯ

ಸಂಜೆಯ ಧಾರಾವಾಹಿ ಶುರುವಾದರೆ ಇಂದ್ರಾಬಾಯಿ ಒಲೆಯ ಮೇಲಿನ ಅನ್ನವನ್ನೂ ಮರೆಯುತ್ತಿದ್ದಳು. ಅದರ ಖಳನಾಯಕಿ ಮೃಣಾಲಿನಿಯನ್ನು ಕಂಡರೆ ಅವಳಿಗೆ ಮೈಯೆಲ್ಲ ಉರಿ. ಕೂತಲ್ಲೇ ನೆಟಿಗೆ ಮುರಿಯುತ್ತಿದ್ದಳು. ಸಿಂದಗಿಯ ಹಾಸ್ಟೆಲ್ಲಿನಿಂದ ರಜೆಗೆ ಬಂದಿದ್ದ ಮಗಳು ರೇಣುಕಾ ನಕ್ಕಳು.

"ಆಕೀಗ್ಯಾಕ ಬೈತಿ ಅವ್ವ? ರಾಜನೀತಿ ಬಲ್ಲಾಕಿ ಆಕಿ. ನಮ್ಮ ಪಾಠದಾಗ ಐತಿ, ಗೆಲ್ಲಬೇಕಂದ್ರ ನಾಕ ಉಪಾಯ. ಮೊದಲ ಸಾಮ, ಸವಿಮಾತು. ಆಮ್ಯಾಲ ದಾನ, ಏನರ ಕೊಡೂದು. ಅದೂ ನಡೀಲಿಲ್ಲಂದ್ರ ಭೇದ, ಒಡದ ಹಾಕೂದು. ಕಡೀಕ ದಂಡ. ಸೊಸಿಗೆ ಮೊದಲ ಬಂಗಾರಿ ಅಂದ್ಲು, ಬಳಿ ಕೊಟ್ಲು, ಈಗ ಸೊಸಿ ಗಂಡಗ ಚಾಡಿ ಹೇಳಾಕತ್ತಾಳ. ಮುಂದಿನ ವಾರ ಮನಿ ಬಿಡಸ್ತಾಳ, ನೋಡ."

"ನಿನ್ನ ಸಾಲಿಗೆ ಹಾಕಿದ್ದು ಇದನ್ನ ಕಲೀಲಿ ಅಂತೇನ?" ಎಂದಳು ಅವ್ವ.

ಮರುದಿನ ಅವ್ವನ ತವರು ಝಳಕಿಯಿಂದ ಸೋದರಮಾವ ಗುರಲಿಂಗಪ್ಪ ಬಂದ. ಅವ್ವನ ಬೆನ್ನಿಗೆ ಹುಟ್ಟಿದವನು, ಅವಳ ಟೊಂಕದ ಮೇಲೆ ಬೆಳೆದವನು. "ಅಕ್ಕಾ, ನನಗ ನೀನ ಅವ್ವ ಇದ್ದಂಗ," ಎಂದ. ಕೈಚೀಲದಿಂದ ಇಳಕಲ್ ಸೀರೆ ತೆಗೆದು ಅವಳ ತೊಡೆಯ ಮೇಲಿಟ್ಟ. ಬಂದ ಕೆಲಸ ಇಷ್ಟೇ: ಅಪ್ಪನ ಹೊಲದಲ್ಲಿ ಅವಳಿಗಿರುವ ಹಕ್ಕನ್ನು ಅವಳು ಬಿಟ್ಟುಕೊಡಬೇಕು. ಇಂಡಿ ಪಟ್ಟಣದ ನೋಂದಣಿ ಕಚೇರಿಯಲ್ಲಿ ಒಂದು ಸಹಿ.

"ತಂಗಿ ಆಗಲೇ ಹೂಂ ಅಂದಾಳ. ನೀ ಒಬ್ಬಾಕಿ ಅಡ್ಡ ನಿಂತ್ರ ಮಂದಿ ಏನಂದಾರು?"

ಒಲೆಯ ಮುಂದೆ ಕೂತಿದ್ದ ರೇಣುಕಾ ಮನಸ್ಸಿನಲ್ಲೇ ಎಣಿಸಿದಳು. ಮೂರಾಯಿತು.

"ಬಿಟ್ಟ ಕೊಡಲಿಲ್ಲಂದ್ರ ಏನ ಮಾಡ್ತಿ, ಮಾವ?"

ಗುರಲಿಂಗಪ್ಪ ಸಿಟ್ಟಾಗಲಿಲ್ಲ. "ನಾ ಏನ ಮಾಡ್ಲೆವ್ವ. ಆಕೀ ಪಾಲು ಆಕಿ ತಗೊಳ್ಳಲಿ. ಪಂಚಮಿ ಹಬ್ಬಕ್ಕ ತವರಿಗೆ ಕರಿಯಾಕ ಮಾತ್ರ ನನ್ನ ಕಾಲ ಈ ಕಡೆ ಬರೂದಿಲ್ಲ." ಹೇಳುತ್ತ ಹೇಳುತ್ತ ಅತ್ತ. ಅದು ನಟನೆಯಾಗಿರಲಿಲ್ಲ. ಮೃಣಾಲಿನಿ ಯಾವತ್ತೂ ಅತ್ತಿರಲಿಲ್ಲ. ಅಳುವ ವೈರಿಯ ಬಗ್ಗೆ ಪಾಠದಲ್ಲಿ ಒಂದು ಸಾಲೂ ಇರಲಿಲ್ಲ.

ಅವನು ಹೋದ ಮೇಲೆ ರೇಣುಕಾ ತಡೆಯಲಾರದೆ, "ನಾಕೂ ಮಾಡಿ ಹೋದ. ತಿಳೀತೇನವ್ವ?" ಎಂದಳು.

"ನೀ ಹೇಳೂಕಿಂತ ಮೊದಲ ತಿಳದೈತಿ." ಅವ್ವ ಸೀರೆಯ ಮಡಿಕೆ ಸರಿಮಾಡುತ್ತಿದ್ದಳು. "ನಿಮ್ಮಪ್ಪ ತೀರಿಕೊಂಡಾಗ ಯಾರ ಮನ್ಯಾಗ ಇದ್ವಿ ನಾವು? ನಾಳೆ ಮತ್ತೇನರ ಆದ್ರ ಹೊಲದಾಗ ಹೋಗಿ ಕೂತು ಅಳ್ಲೇನ?"

ಸೋಮವಾರ ಇಂಡಿಗೆ ಹೋದರು. ಕೆಲಸ ಮುಗಿಸಿ ತವರಿನಲ್ಲಿ ಒಂದು ರಾತ್ರಿ ಇದ್ದು ಬರುವುದೆಂದು ಅವ್ವ ಹೊಸ ಸೀರೆ ಉಟ್ಟಿದ್ದಳು, ತಮ್ಮನ ಮಕ್ಕಳಿಗೆ ಶೇಂಗಾ ಹೋಳಿಗೆ ಕಟ್ಟಿಕೊಂಡಿದ್ದಳು. ಅಕ್ಷರ ಕೂಡಿಸಿ ಕೂಡಿಸಿ ಹೆಸರು ಬರೆದಳು. ಹೆಬ್ಬೆರಳೂ ಒತ್ತಿದಳು.

ಹೊರಗೆ ಬಂದ ಗುರಲಿಂಗಪ್ಪ ಹೋಳಿಗೆಯ ಗಂಟನ್ನು ಇಸಿದುಕೊಂಡು ಮೋಟಾರ್ ಸೈಕಲ್ಲಿನ ಹ್ಯಾಂಡಲಿಗೆ ಸಿಕ್ಕಿಸಿದ. "ಇವತ್ತ ಹೇಂತಿಗೆ ಆರಾಮಿಲ್ಲಕ್ಕ. ಇನ್ನೊಮ್ಮೆ ಬರೂವಂತಿ. ನಿಮ್ಮೂರ ಮ್ಯಾಲ ಹೋಗೂ ಸಿಂದಗಿ ಬಸ್ಸು ಆಚೆ ಕಡೆ ನಿಲ್ತೈತಿ." ಗಾಡಿ ಚಾಲೂ ಮಾಡಿ ಹೊರಟೇಬಿಟ್ಟ.

ಅವ್ವ ಹೊಸ ಸೀರೆಯ ನೆರಿಗೆ ಸರಿಮಾಡಿಕೊಂಡಳು.

"ಆರಾಮಿಲ್ಲಂತ ಪಾಪ," ಎಂದಳು. "ಮಾತಾಡಿಸಿ ಬರೂನೇನ? ಝಳಕೀಗೂ ಬಸ್ಸ ಐತಿ."

"ಕರೀಲಿಲ್ಲಲ್ಲವ್ವ."

ಅಂದಮೇಲೆ ರೇಣುಕಾಗೆ ಅನ್ನಬಾರದಿತ್ತು ಅನಿಸಿತು. ಅವ್ವ ಸೆರಗನ್ನು ತಲೆಯ ಮೇಲೆ ಎಳೆದುಕೊಂಡು ಸಿಂದಗಿ ಬಸ್ಸಿನ ಕಡೆ ನಡೆದಳು.