ನೇಕಾರ ಕಾಲನಿಯ ಜಾರುಬಂಡಿ

ನಾನು ಒಂದು ಜಾರುಬಂಡಿ. ಹುಟ್ಟಿದ್ದು ಮಕ್ತುಮಸಾಬರ ವೆಲ್ಡಿಂಗ್ ಅಂಗಡಿಯಲ್ಲಿ. ಅವರು ತಗಡನ್ನು ಬಾಗಿಸಿ, ಅಂಚುಗಳನ್ನು ಉಜ್ಜಿ, ಕೊನೆಗೆ ಮೇಲಿನಿಂದ ಕೆಳಗಿನವರೆಗೆ ಅಂಗೈ ಎಳೆದು ನೋಡಿದರು. “ಎಲ್ಲೂ ಚುಚ್ಚಂಗಿಲ್ಲ. ಇನ್ನ ಮಕ್ಕಳು ಜಾರಬಹುದು” ಎಂದರು. ಜಾರುವುದೆಂದರೇನು? ಅಂದಿನಿಂದಲೇ ನನಗೆ ಕುತೂಹಲ.

ನನ್ನನ್ನು ಟ್ರ್ಯಾಕ್ಟರಿನಲ್ಲಿ ನೇಕಾರ ಕಾಲನಿಯ ಬಯಲಿಗೆ ತಂದರು. ಅಲ್ಲಿ ಮಕ್ಕಳಿಗೆ ಆಟದ ಮೈದಾನ ಆಗುವುದಿತ್ತು. ನಕ್ಷೆಯಲ್ಲಿ ನನ್ನ ಜಾಗ ಗೇಟಿನ ಪಕ್ಕ. ಆದರೆ ಕಾಲನಿಯ ಹಿರಿಯ ವೀರಭದ್ರಪ್ಪನವರು “ನಮಗ ವಾಕಿಂಗ್ ಮಾಡಾಕ ದಾರಿ ಬ್ಯಾಡೇನ್ರಿ?” ಎಂದು ಕೇಳಿದ ಮೇಲೆ ಆ ಜಾಗ ದಾರಿಗೆ ಹೋಯಿತು. ನನಗೆ ಮೂಲೆ ಸಿಕ್ಕಿತು. ಮೂಲೆ ಅಗೆದರೆ ಕೆಳಗೆ ಒಡೆದ ನೀರಿನ ಪೈಪು! ಅದನ್ನು ಬದಲಿಸುವವರೆಗೆ ಕೆಲಸ ನಿಂತಿತು. ಅಗೆದ ಮಣ್ಣಿನ ಗುಡ್ಡೆಯ ಪಕ್ಕ ನಾನು ಅಡ್ಡ ಬಿದ್ದಿದ್ದೆ. ಹೆಂಗಸರು ನನ್ನ ಮೇಲೆ ಶಾವಿಗೆ ಒಣಹಾಕಿದರು. ಆಡಿನ ಮರಿಯೊಂದು ನನ್ನ ನೆರಳಲ್ಲಿ ಮಲಗಿತು. ನನ್ನ ಕೆಲಸ ಇದೇ ಇರಬಹುದೇ ಎಂದುಕೊಂಡೆ.

ಬೇಸಿಗೆ ಮುಗಿಯುವಾಗ, ಪೈಪಿನ ಮೂಲೆ ಬೇಡವೆಂದು, ಮೈದಾನ ಕಟ್ಟಿಸುತ್ತಿದ್ದ ಎಂಜಿನಿಯರ್ ಪ್ರಭಾವತಿಯವರು ನನ್ನನ್ನು ಬಯಲಿನ ನಡುವೆ ನಿಲ್ಲಿಸಿದರು. ಮಕ್ಕಳು ಮುತ್ತಿಕೊಂಡರು. ಅವರ ಹಿಂದೆಯೇ ಲಾವಣ್ಯ ಎಂಬ ಹುಡುಗಿ ಗಾಲಿಕುರ್ಚಿಯಲ್ಲಿ ಬಂದಳು, ಜೊತೆಗೆ ಅಜ್ಜಿ ಅಂದಾನವ್ವ. ಲಾವಣ್ಯ ನನ್ನ ಏಣಿಯ ಮೆಟ್ಟಿಲು ಮುಟ್ಟಿ, ತಲೆಯೆತ್ತಿ ನೋಡಿದಳು.

“ಮೇಡಂ, ನಾ ಎಲ್ಲಿಂದ ಹತ್ತಲಿ?”

“ನಾ ಎತ್ತಿ ಕೂಡಸ್ತೇನಿ, ಸುಮ್ನಿರು” ಎಂದಳು ಅಜ್ಜಿ.

“ನೀ ಎತ್ತೂದು ಬ್ಯಾಡ. ನಾನ ಹತ್ತಬೇಕು.”

ಪ್ರಭಾವತಿಯವರು ಏಣಿಯ ಮೆಟ್ಟಿಲುಗಳನ್ನೂ ಕುರ್ಚಿಯ ಗಾಲಿಗಳನ್ನೂ ಅಳೆದುಕೊಂಡು ಹೋದರು. ಮರುದಿನ ಬಂದು ಆ ಮಣ್ಣಿನ ಗುಡ್ಡೆಯನ್ನು ತೋರಿಸಿದರು. “ಇದನ್ನ ದಿಬ್ಬ ಮಾಡೋಣ. ಜಾರುಬಂಡಿ ಅದರ ಮೈಮ್ಯಾಲೆ ಮಲಗಲಿ. ಏಣಿ ಬ್ಯಾಡ. ಹಿಂದ ಕುರ್ಚಿ ಹತ್ತೂವಂಥಾ ಇಳಿಜಾರು ದಾರಿ ಇರಲಿ.”

“ಮತ್ತ ಬದಲೇನ್ರಿ?” ವೀರಭದ್ರಪ್ಪ ಸಿಡುಕಿದರು. “ಮಣ್ಣು ಗಟ್ಟಿಯಾಗಿ ಕೂಡಾಕ ಒಂದು ಮಳಿಗಾಲ ಬೇಕು. ಒಬ್ಬಾಕಿ ಸಲುವಾಗಿ ಎಲ್ಲಾ ಹುಡುಗರೂ ಕಾಯಬೇಕೇನು?”

“ಹೌದ್ರಿ” ಎಂದಳು ಅಂದಾನವ್ವ. “ಆಕಿ ಹುಟ್ಟಿದಾಗಿಂದ ಕಾಯಾಕತ್ಯಾಳ.”

ಮಕ್ತುಮಸಾಬರೇ ಬಂದು ನನ್ನ ಕಾಲುಗಳನ್ನೂ ಏಣಿಯನ್ನೂ ಕತ್ತರಿಸಿದರು. ಕಾಲಿಲ್ಲದ ನಾನು ಇನ್ನೂ ಜಾರುಬಂಡಿಯೇ? ಗೊತ್ತಾಗಲಿಲ್ಲ. ಕಟ್ಟಿದ ದಿಬ್ಬ ಮಳೆಗೆ ಕುಸಿಯಿತು. ಮತ್ತೆ ಮಣ್ಣು ಹಾಕಿ ತುಳಿದರು. ಮುಚ್ಚಿದ ಗೇಟಿನ ಹೊರಗೆ ಮಕ್ಕಳು ಲಾವಣ್ಯಳಿಗೆ “ನಿನ್ನಿಂದನ ತಡ ಆತು” ಎಂದು ಕೂಗುವುದು ಕೇಳಿಸಿತು. ಅವಳು ಬರುವುದನ್ನೇ ಬಿಟ್ಟಳು.

ದಿಬ್ಬದ ಮೇಲೆ ಹುಲ್ಲು ಚಿಗುರಿದಾಗ ನನ್ನನ್ನು ಅದರ ಮೈಮೇಲೆ ಮಲಗಿಸಿ ಮೈದಾನ ತೆರೆದರು. ಮೊದಲ ಮಗು ನನ್ನ ಮೇಲೆ ಸರ್ರನೆ ಇಳಿದುಹೋಯಿತು. ಬೆಚ್ಚಗಿನ ಭಾರ, ಒಂದು ಕೇಕೆ, ಆಮೇಲೆ ಖಾಲಿ. ಓ, ಜಾರುವುದೆಂದರೆ ಇದು!

ಸಂಜೆ ಲಾವಣ್ಯ ಬಂದಳು. ಅಜ್ಜಿಯನ್ನು ಕೆಳಗೇ ನಿಲ್ಲಿಸಿ, ತಾನೇ ಗಾಲಿ ತಳ್ಳಿಕೊಂಡು ದಿಬ್ಬ ಹತ್ತಿದಳು. ನಡುವೆ ದಣಿದು ನಿಂತಳು, ಮತ್ತೆ ತಳ್ಳಿದಳು. ಕುರ್ಚಿಯಿಂದ ನನ್ನ ಮೇಲೆ ಸರಿದು ಕುಳಿತವಳು ಜಾರಲೇ ಇಲ್ಲ. ಹಿಂದೆ ಸಾಲು ಬೆಳೆಯಿತು.

“ಲಗೂನ ಜಾರು, ಲಾವಣ್ಯಾ!”

“ತಡೀರಿ. ನಮ್ಮನಿ ಮಾಳಿಗಿ ಕಾಣಾಕತ್ತೈತಿ. ಅದರ ಮ್ಯಾಲೆ ಯಾರದೋ ಚೆಂಡು ಬಿದ್ದೈತಿ!”

“ಎಲ್ಲೆ? ಎಲ್ಲೆ?” ಕೂಗಾಡಿದ್ದ ಮಕ್ಕಳೆಲ್ಲ ಅವಳ ಸುತ್ತ ಕುಕ್ಕರಿಸಿದರು. ಅವಳು ಬೆರಳು ಮಾಡಿ ತೋರಿಸಿ, ನಗುತ್ತ ಜಾರಿದಳು. ಅವಳು ಕೆಳಗೆ ಕುಳಿತು ಧೂಳು ಕೊಡವಿಕೊಳ್ಳುವಷ್ಟರಲ್ಲಿ ಆ ಮಕ್ಕಳೇ ಕುರ್ಚಿಯನ್ನು ದಾರಿಯಲ್ಲಿ ಇಳಿಸಿ ತಂದಿದ್ದರು.

ಈಗ ನಾನು ಮುದಿಯಾಗಿದ್ದೇನೆ. ತಗಡು ಸವೆದು ತೂತಾಯಿತೆಂದು ಬಿಚ್ಚಿ, ನೀರಿನ ಟ್ಯಾಂಕಿನ ಹಿಂದೆ ಇಟ್ಟಿದ್ದಾರೆ. ಹೊಸ ಜಾರುಬಂಡಿ ಇನ್ನೂ ಬಂದಿಲ್ಲ. ಆದರೂ ಮಕ್ಕಳು ದಿಬ್ಬ ಹತ್ತುತ್ತಾರೆ, ಬರೀ ಹುಲ್ಲಿನ ಮೇಲೆ ಉರುಳುತ್ತಾರೆ. ನಾನು ಅವರನ್ನು ಇಳಿಸುವುದನ್ನಷ್ಟೇ ಬಲ್ಲೆ. ಮೇಲೆ ನಿಂತು ಅವರು ಏನೇನು ನೋಡುತ್ತಾರೋ! ಇಲ್ಲಿಗೆ ಕೇಳಿಸುವುದು “ಅಲ್ಲಿ ನೋಡಲ್ಲಿ!” ಎಂಬ ಕೂಗು ಮಾತ್ರ.