ಹನ್ನೊಂದು ಕಾಲಿನ ನಾಯಿ

"ತಲಿಗಿಲಿ ಐತೇನ್ರಿ ನಿಮಗ? ಬಣ್ಣದ ಕಪಾಟ ಅಷ್ಟು ಮ್ಯಾಲೆ ಹೊಡಸೀರಿ. ಒಂದನೇ ಇಯತ್ತೆ ಹುಡುಗ್ರು ಏಣಿ ಹಚ್ಚಿ ಹತ್ತಬೇಕೇನು?"

"ಮ್ಯಾಲಿದ್ರ ಚೆಲ್ಲಂಗಿಲ್ರೀ ಅಕ್ಕಾರ. ಕೆಳಗಿಟ್ರ ಮೊದಲನೇ ದಿನಾನ ಗಾಡಿ ಹೊಲಸು."

"ಹೊಲಸಾಗಲಿ ಅಂತನ ಗಾಡಿ ಮಾಡ್ಸಿದ್ದು!"

ನಾನು ಒಂದು ಚಿತ್ರದ ಗಾಡಿ. ಹುಟ್ಟಿದ್ದೇ ಈ ಜಗಳದ ನಡುವೆ, ಗದಗಿನ ಒಂದು ಗ್ಯಾರೇಜಿನಲ್ಲಿ. ಅದಕ್ಕೂ ಮೊದಲು ಮದುವೆಯ ಬೀಗರನ್ನು ಸಾಗಿಸುವ ಮಿನಿ ಬಸ್ಸಾಗಿದ್ದೆ. ಸೀಟು ಕಿತ್ತರು, ಚಾಪೆ ಹಾಸಿದರು, ಮೂಲೆಗೊಂದು ನೀರಿನ ಟಾಕಿ ಕೂರಿಸಿದರು. ಕೂಗಾಡಿದವರು ಚಿತ್ರಕಲೆ ಶಿಕ್ಷಕಿ ದಾಕ್ಷಾಯಣಿ ಬಡಿಗೇರ, ಮಕ್ಕಳ ಬಾಯಲ್ಲಿ ಅಕ್ಕಾರು. ಎದುರುತ್ತರ ಕೊಟ್ಟವನು ನನ್ನನ್ನು ಕೊಂಡ ಸಂಸ್ಥೆಯ ಕಾರ್ಯದರ್ಶಿ ವೀರಭದ್ರಗೌಡ. ಅವನಿಗೆ ಬಹುವಚನ ಹಚ್ಚಲು ನನಗೆ ಮನಸ್ಸಿಲ್ಲ.

ಆ ದಿನ ಅಕ್ಕಾರು ಗೆದ್ದರು. ಕಪಾಟು ಕೆಳಗಿಳಿಯಿತು.

ಚಿತ್ರಕಲೆ ಕಲಿಸುವವರಿಲ್ಲದ ಹನ್ನೆರಡು ಕನ್ನಡ ಶಾಲೆಗಳಿಗೆ ತಿಂಗಳಿಗೊಮ್ಮೆ ಹೋಗುವುದು ನನ್ನ ಕೆಲಸ. ಎಲ್ಲಿ ಹೋದರೂ ಮಕ್ಕಳು ಅದೇ ಎರಡು ಗುಡ್ಡ, ನಡುವೆ ಸೂರ್ಯ, ಪಕ್ಕಕ್ಕೊಂದು ತೆಂಗಿನ ಮರ ಬರೆಯುತ್ತಿದ್ದವು. ಹುಡುಕಿದರೂ ಒಂದು ತೆಂಗು ಸಿಗದ ಊರುಗಳವು! ಯಾರೋ ಹಲಗೆಯ ಮೇಲೆ ಬರೆದು ತೋರಿಸಿದ್ದರು, ಇವು ಅದನ್ನೇ ನೋಡಿ ತಿದ್ದಿದ್ದವು. ನೋಡಿ ನೋಡಿ ನನ್ನ ಮೈ ಉರಿಯುತ್ತಿತ್ತು.

ಒಂದು ಊರಲ್ಲಿ ಮಾಳವ್ವ ಸಿಕ್ಕಳು. ಕುರಿ ಕಾಯುವವರ ಮಗಳು, ಆರು ವರ್ಷ. ಮೂರು ತಿಂಗಳು ನನ್ನ ಮೆಟ್ಟಿಲ ಮೇಲೆ ಕೂತು ಬರೀ ನೋಡಿದಳು. ನಾಲ್ಕನೆಯ ತಿಂಗಳು ಒಳಗೆ ಬಂದವಳೇ ಇಡೀ ಅಂಗೈಯನ್ನು ಕೆಂಪು ಬಣ್ಣಕ್ಕೆ ಅದ್ದಿದಳು. ಹಾಳೆ ತುಂಬ ಒಂದು ನಾಯಿ ಬರೆದಳು. ಅದಕ್ಕೆ ಹನ್ನೊಂದು ಕಾಲು.

"ಯಾಕವ್ವ ಇಷ್ಟು ಕಾಲು?" ಅಕ್ಕಾರು ಕೇಳಿದರು.

"ಓಡಾಕತ್ತೈತ್ರೀ."

ಅಕ್ಕಾರು ನಗಲಿಲ್ಲ. "ಖರೇ ನೋಡು. ನಾ ಇಷ್ಟು ವರ್ಷ ಬರೇ ನಿಂತ ನಾಯಿ ಬರದೀನಿ" ಎಂದರು.

ಅಂದಿನಿಂದ ನಾನು ಬರುವ ದಿನ ಮಾಳವ್ವ ಎಲ್ಲರಿಗಿಂತ ಮೊದಲು ಗೇಟಿನ ಹತ್ತಿರ ನಿಂತಿರುತ್ತಿದ್ದಳು. ಬೇರೆ ದಿನ ಅವಳನ್ನು ಮನೆಯಿಂದ ಎಳೆದು ತರಬೇಕು ಎಂದು ಹೆಡ್‌ಮಾಸ್ತರರೇ ಹೇಳಿದ್ದರು.

ವರ್ಷದ ಕೊನೆಗೆ ಸಂಸ್ಥೆಗೆ ನೆರವು ಕೊಡುವ ದೊಡ್ಡವರು ಆ ಶಾಲೆಗೆ ಬರುವವರಿದ್ದರು. ನನ್ನೊಳಗೇ ಪ್ರದರ್ಶನ. ಚೌಕಟ್ಟು ಹಾಕಿಸುತ್ತೇನೆಂದು ಗೌಡ ಚಿತ್ರಗಳನ್ನೆಲ್ಲ ಒಯ್ದ. ಒಯ್ದು ಕೊಟ್ಟದ್ದು ಅಂಗಡಿ ಬೋರ್ಡು ಬರೆಯುವ ಪೇಂಟರನಿಗೆ! ಆ ಮಹಾಶಯ ನಾಯಿಯ ಏಳು ಕಾಲಿನ ಮೇಲೆ ಬಿಳಿ ಬಳಿದ. ಬಾಲ ನೆಟ್ಟಗೆ ಮಾಡಿದ. ಕೆಳಗೆ ಹಸಿರು ಹುಲ್ಲು ಹಾಸಿ, ಮುತ್ತಿನಂಥ ಅಕ್ಷರದಲ್ಲಿ ಮಾಳವ್ವನ ಹೆಸರು ಬರೆದ.

ಪ್ರದರ್ಶನದ ಬೆಳಿಗ್ಗೆ ಮಾಳವ್ವ ತನ್ನ ಅವ್ವನನ್ನು ಸೆರಗು ಹಿಡಿದು ಎಳೆದುಕೊಂಡು ಬಂದಳು. ಈ ಕಡೆ ನೋಡಿದಳು, ಆ ಕಡೆ ನೋಡಿದಳು. ತನ್ನ ಹೆಸರನ್ನು ಒಂದೊಂದೇ ಅಕ್ಷರ ಕೂಡಿಸಿ ಓದಿದಳು.

"ಇದು ನಂದಲ್ರೀ."

"ನಿಂದ ಐತಿ ತಂಗಿ, ಚೂರು ತಿದ್ದಿಸೀವಿ" ಎಂದು ಗೌಡ ನಕ್ಕ. "ನಾಯಿಗೆ ಎಷ್ಟು ಕಾಲು? ನಾಕು. ಹೌದಿಲ್ಲೊ?"

"ಅಯ್ಯ, ಎಷ್ಟ ಚಂದ ಬರದಿಯಲ್ಲೇ!" ಅವಳ ಅವ್ವ ಹಿಗ್ಗಿದಳು.

ಅಕ್ಕಾರು ಆಗಷ್ಟೇ ಹತ್ತಿ ಬಂದರು. ಗೋಡೆ ನೋಡಿದರು. "ಗೌಡ್ರ, ಯಾರನ್ನ ಕೇಳಿ ಕೈ ಹಚ್ಚಿದ್ರಿ? ಇದು ಅಕಿ ಚಿತ್ರ!"

"ಹನ್ನೊಂದು ಕಾಲಿಂದು ತೋರಿಸಿದ್ರ ನಿಮಗ ಕಲಿಸಾಕ ಬರಂಗಿಲ್ಲ ಅಂತಾರ. ನಿಮ್ಮ ಮರ್ಯಾದಿ ಉಳಿಸೀನಿ, ಒದರಬ್ಯಾಡ್ರಿ."

"ನನ್ನ ಮರ್ಯಾದಿ ಕಾಯಾಕ ನೀವ್ಯಾರು?"

ಇಬ್ಬರೂ ದನಿಗೆ ದನಿ ಏರಿಸಿದರು. ಚೌಕಟ್ಟುಗಳು ನಡುಗಿದವು. ಮಾಳವ್ವ ಎರಡು ಸಲ "ಅಕ್ಕಾರ" ಅಂದಳು. ಮೂರನೆಯ ಸಲ ಅನ್ನಲಿಲ್ಲ.

ಈಗ ನಾನು ಸಂಸ್ಥೆಯ ಹಿತ್ತಲಿನಲ್ಲಿ ಗಾಲಿ ಕುಸಿದು ನಿಂತಿದ್ದೇನೆ. ತುಕ್ಕು ಹಿಡಿದದ್ದಕ್ಕೆ ಬೇಸರವಿಲ್ಲ. ಗೌಡನ ಮೇಲಿನ ಸಿಟ್ಟು ಮಾತ್ರ ಇಳಿದಿಲ್ಲ. ಅಕ್ಕಾರ ಮೇಲೂ ಇದೆ, ಮುಚ್ಚಿಡುವುದೇಕೆ? ಮಾಳವ್ವನ ಪರವಾಗಿ ಜಗಳವಾಡುತ್ತ ಅವಳನ್ನೇ ಮರೆತರು. ಅವಳ ಕಡೆ ನೋಡಿ ಎಂದು ಹಾರನ್ ಬಾರಿಸಿಯಾದರೂ ನಾನು ಹೇಳಬೇಕಿತ್ತು. ಗಾಡಿಯ ಹಾರನ್ ಗಾಡಿಯ ಕೈಯಲ್ಲಿರುವುದಿಲ್ಲ.

ಆ ಬೆಳಿಗ್ಗೆ ಮಾಳವ್ವ ಅವ್ವನ ಸೆರಗು ಬಿಟ್ಟಳು. ಮೆಟ್ಟಿಲಿಳಿದು, ಬಯಲು ದಾಟಿ, ತಿರುಗಿ ನೋಡದೆ ಹೋದಳು. ಆಮೇಲೆ ನಾಲ್ಕು ವರ್ಷ, ತಿಂಗಳಿಗೊಮ್ಮೆ, ಅದೇ ಶಾಲೆಯ ಮುಂದೆ ಬಾಗಿಲು ತೆರೆದು ನಿಂತೆ. ಅಕ್ಕಾರು ಮನೆಗೂ ಹೋಗಿ ಕರೆದರು.

"ನಂಗ ಬರಿಯಾಕ ಬರಂಗಿಲ್ರೀ" ಅಂದಳಂತೆ. ಬರಲಿಲ್ಲ.